ಉಪ್ಪುಕಂಡದ ಬೀರುವಿಗೆ ಎರಡು ತೂತು

ನಾನು ಬದುಕಿಡೀ ತೂತು ಕೊರೆದು ಸಂಬಳ ತಿಂದವಳು. ಗೆಜ್ಜಲಗೆರೆಯಲ್ಲಿ ಹೋಟೆಲು, ಛತ್ರಗಳಿಗೆ ಸ್ಟೀಲಿನ ದೊಡ್ಡ ದೊಡ್ಡ ಸಾಮಾನು ಮಾಡುವ ಕಾರ್ಖಾನೆಯೊಂದಿತ್ತು. ಇಡ್ಲಿ ಬೇಯಿಸುವ ಪೆಟ್ಟಿಗೆ, ಹಾಲು ಕಾಯಿಸುವ ಬಾಯ್ಲರು, ಸಾರು ಬಿಸಿಯಾಗಿಡುವ ಕೊಳಗ, ಹೀಗೆ. ಅಲ್ಲಿನ ವೆಲ್ಡಿಂಗಿನವರು ಒಂದು ಹನಿ ನೀರೂ ಸೋರದಂತೆ ಪಾತ್ರೆ ಬೆಸೆಯುತ್ತಿದ್ದರು. ಅದನ್ನು ನೀರು ತುಂಬಿಸಿ ಪರೀಕ್ಷೆ ಮಾಡಿ, ಸೋರುವುದಿಲ್ಲ ಎಂದು ಖಾತ್ರಿಯಾದ ಮೇಲೆ ನನ್ನ ಹತ್ತಿರ ತರುತ್ತಿದ್ದರು. ನಾನು ಅದಕ್ಕೆ ತೂತು ಹಾಕುತ್ತಿದ್ದೆ. ನಲ್ಲಿಗೊಂದು, ಹಿಡಿಗೆ ನಾಲ್ಕು, ಶಾಖ ತೋರಿಸುವ ಮೀಟರಿಗೊಂದು. ವೆಲ್ಡಿಂಗಿನವರಿಗೆ ನನ್ನನ್ನು ಕಂಡರೆ ಅಷ್ಟಕ್ಕಷ್ಟೆ ಇದ್ದದ್ದರಲ್ಲಿ ಆಶ್ಚರ್ಯವೇನಿಲ್ಲ.

ನಿವೃತ್ತಿಯಾಗಿ ಎರಡು ವರ್ಷ ದಾಟಿತು. ಈಗಲೂ ಮದ್ದೂರಿನ ಬಸ್ ನಿಲ್ದಾಣದಲ್ಲಿ ಐಟಿಐ ಓದುವ ಹೆಣ್ಣುಮಕ್ಕಳು ಸಿಕ್ಕರೆ, "ಆಂಟಿ, ಸ್ಟೀಲಿಗೆ ಬಿಟ್ ಇಳಿಯೋದೇ ಇಲ್ಲ, ಮೇಲೇ ಜಾರ್ತದೆ, ಏನ್ ಮಾಡೋದು?" ಎಂದು ಕೇಳುತ್ತಾರೆ. ಬಸ್ಸು ಬರುವಷ್ಟರಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಅದು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಗ್ರೇಡು ಸಿಕ್ಕಿತು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದು ನನ್ನ ಯಜಮಾನರಿಗೇ ನೆನಪಿಲ್ಲ, ನಿಮಗೇಕೆ?

ನಾನು ಕೆಲಸಕ್ಕೆ ಸೇರಿದ್ದು ಪಾತ್ರೆ ಒರೆಸಲು. ಪಾಲಿಶ್ ಆಗಿ ಬಂದ ಪಾತ್ರೆಯ ಕಪ್ಪನ್ನು ಮರದ ಹೊಟ್ಟಿನಲ್ಲಿ ಉಜ್ಜಿ ತೆಗೆಯುವುದು ಹೆಂಗಸರ ಕೆಲಸವಾಗಿತ್ತು. ಒಂದು ದಿನ ಡ್ರಿಲ್ಲಿಂಗಿನವನು ನೆಂಟರ ಮನೆಯ ಬೀಗರೂಟಕ್ಕೆ ಹೋದವನು ಬರಲೇ ಇಲ್ಲ. ಆ ದಿನ ಲಾರಿಗೆ ಮಾಲು ಹೋಗಲೇಬೇಕಿತ್ತು. ಮೇಸ್ತ್ರಿ ಚೆಲುವಯ್ಯ ಅತ್ತಿತ್ತ ನೋಡಿದರು. ದಪ್ಪ ಮೀಸೆ, ಕಿವಿಯಲ್ಲಿ ಯಾವಾಗಲೂ ಒಂದು ಪೆನ್ಸಿಲು. ಕಣ್ಣು ನನ್ನ ಮೇಲೆ ಬಿತ್ತು.

"ಏನಮ್ಮಿ ಸಾಕಿ, ಮಿಷಿನ್ ಕಂಡ್ರೆ ಎದ್ರಿಕೆನಾ?"

"ಇಲ್ಲ ಕಣಣ್ಣ."

"ಇರ್ಬೇಕು ಕಣಮ್ಮಿ. ಎದ್ರಿಕೆ ಇಲ್ದೋರ್ ಬೆರಳು ಲೆಕ್ಕಕ್ಕೆ ಸಿಕ್ಕಕಿಲ್ಲ. ಸೆರಗು ಬಿಗಿಯಾಗಿ ಸಿಕ್ಕುಸ್ಕೋ, ಬಳೆ ತೆಗೆದಿಡು, ಬಾ."

ಬಳೆ ತೆಗೆದೆ. ಮಿಷಿನ್ನಿನ ಮುಂದೆ ನಿಂತೆ. ಜೋರಾಗಿ ತಿರುಗಿದರೆ ಬೇಗ ತೂತಾಗುತ್ತದೆ ಎಂಬುದು ಯಾರಿಗಾದರೂ ಹೊಳೆಯುವ ವಿಚಾರ. ನನಗೂ ಹೊಳೆಯಿತು. ವೇಗವನ್ನು ಪೂರ್ತಿ ಏರಿಸಿ ಬಿಟ್ಟನ್ನು, ಅಂದರೆ ಕೊರೆಯುವ ಮೊನೆಯನ್ನು, ತಗಡಿಗೆ ಮುಟ್ಟಿಸಿದೆ. ಅದು ಕಿರುಚಿದ ಸದ್ದಿಗೆ ಆಚೆ ಮನೆಯ ನಾಯಿ ಓಡಿತು. ಹೊಗೆ ಬಂತು. ಬಿಟ್ಟಿನ ಮೂತಿ ನೀಲಿಯಾಯಿತು. ತಗಡು ನೋಡಿದರೆ ತೂತಿಲ್ಲ, ಆ ಜಾಗ ಮಾತ್ರ ಕನ್ನಡಿಯ ಹಾಗೆ ಫಳಫಳ ಹೊಳೆಯುತ್ತಿತ್ತು. ನನ್ನ ಮುಖ ಅದರಲ್ಲಿ ಚಿಕ್ಕದಾಗಿ ಕಾಣುತ್ತಿತ್ತು. ಇನ್ನೂ ಒತ್ತಿದೆ. ಬಿಟ್ ಮುರಿಯಿತು.

ಚೆಲುವಯ್ಯ ಬೈಯಲಿಲ್ಲ. ಟೀ ಲೋಟ ಪಕ್ಕಕ್ಕಿಟ್ಟು ಹೇಳಿದರು: "ಇದು ಕಬ್ಬಿಣ ಅಲ್ಲ ಕಣಮ್ಮಿ. ಇದು ನಮ್ಮೂರ್ ಚೇರ್ಮನ್ ಇದ್ದಂಗೆ. ಉಜ್ಜುದಷ್ಟೂ ಬಿಗೀತದೆ. ಬಿಸಿಯಾಯ್ತು ಅಂದ್ರೆ ಮುಗೀತು, ಆಮೇಕೆ ದೇವ್ರು ಬಂದ್ರೂ ಇಳಿಯಕಿಲ್ಲ. ಮೆಲ್ಲಗೆ ತಿರುಗ್ಸು. ಒತ್ತೋದ್ ಮಾತ್ರ ಗಟ್ಟಿಯಾಗಿ ಒತ್ತು. ಎಣ್ಣೆ ಬುಡು. ಮೊದ್ಲು ಸಣ್ಣ ಬಿಟ್ಟು, ಆಮೇಕೆ ದೊಡ್ಡದು. ಕೈ ಅನುಮಾನ ಪಡಬಾರ್ದು. ಅನುಮಾನ ಬಂದು ಸಡ್ಲ ಬುಟ್ಯೋ, ಅದು ಅಲ್ಲೇ ಗಟ್ಟಿಯಾಗೋಯ್ತದೆ."

ಮಕ್ಕಳೇ, ನಿಮ್ಮ ಪುಸ್ತಕದಲ್ಲಿ ಇದೇ ವಿಷಯ ಎರಡು ಪುಟ ಇದೆಯಂತೆ. ನನಗೆ ಸಿಕ್ಕಿದ್ದು ಇಷ್ಟು. ಸಾಕಾಯಿತು.

ಅವರು ನನ್ನ ಹಿಂದೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಸದ್ದು ಕೇಳಿಯೇ, "ಎಣ್ಣೆ" ಎನ್ನುತ್ತಿದ್ದರು, "ಒತ್ತು" ಎನ್ನುತ್ತಿದ್ದರು. ತಗಡಿನಿಂದ ಉದ್ದನೆಯ ಸುರುಳಿ ಎದ್ದು ಬಂದರೆ ಮಾತಾಡದೆ ಹೊರಟುಹೋಗುತ್ತಿದ್ದರು. ಅದೇ ಶಭಾಷ್‌ಗಿರಿ. ಬೀಗರೂಟದವನು ಮರಳಿ ಬಂದಾಗ ಅವನನ್ನು ಪ್ಯಾಕಿಂಗಿಗೆ ಹಾಕಿದರು. ನಾನು ಪಾತ್ರೆ ಒರೆಸಲು ಹಿಂತಿರುಗಲಿಲ್ಲ.

ಒಬ್ಬ ಇಂಜಿನಿಯರ್ ಸಾಹೇಬರು ಬಂದಿದ್ದರು. ಒಳ್ಳೆಯವರು, ಆದರೆ ಅವರಿಗೆ ದಿನಕ್ಕೊಂದು ಸುಧಾರಣೆ ಮಾಡದಿದ್ದರೆ ಊಟ ಸೇರುತ್ತಿರಲಿಲ್ಲ. ಪಾತ್ರೆಯೊಳಗೆ ಉಳಿಯುವ ಸ್ಟೀಲಿನ ಚೂರುಗಳನ್ನು ಬಟ್ಟೆಯಲ್ಲಿ ಒರೆಸಿ ತೆಗೆಯುವುದು ಹಳೆಯ ಕಾಲದ ಪದ್ಧತಿ ಎಂದು, ಕೋಲಿಗೆ ಕಟ್ಟಿದ ದೊಡ್ಡ ಅಯಸ್ಕಾಂತ ತಂದರು. ಒಳ್ಳೆಯ ಸ್ಟೀಲಿಗೆ ಅಯಸ್ಕಾಂತ ಹಿಡಿಯುವುದೇ ಇಲ್ಲ. ನಮ್ಮ ಚೂರುಗಳೂ ಅದಕ್ಕೆ ಸೊಪ್ಪು ಹಾಕಲಿಲ್ಲ. ಇದನ್ನು ಅವರಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅರ್ಧ ಗಂಟೆ ಬಾಯ್ಲರಿನೊಳಗೆ ಕೋಲಾಡಿಸಿದರು. ಒಂದು ಚೂರೂ ಬರಲಿಲ್ಲ. ಹೊರಗೆ ತೆಗೆಯುವಾಗ ಕೋಲು ಬೆಂಚಿನ ಕೆಳಗೆ ಹೋಗಿ, ವಾಚ್‌ಮನ್ ಹಿಂದಿನ ತಿಂಗಳು ಕಳೆದುಕೊಂಡಿದ್ದ ಬೀಗದ ಕೈ ಗೊಂಚಲು ಅಂಟಿಕೊಂಡು ಬಂತು.

ಚೆಲುವಯ್ಯ ಒಂದಿಷ್ಟೂ ನಗದೆ, "ಸಾರ್, ಒಳ್ಳೆ ಸಾಧನ. ಗೇಟ್ ಹತ್ರ ಮಡಗಣ" ಎಂದರು.

ಚೂರು ತೆಗೆಯುವ ಉಪಾಯ ನನಗೆ ಹೊಳೆದದ್ದು ಊಟದ ಡಬ್ಬಿಯಿಂದ. ಉಳಿದ ರಾಗಿಮುದ್ದೆಯನ್ನು ಕೈಯಲ್ಲಿ ನಾದಿ ತೂತಿನ ಸುತ್ತ ಒತ್ತಿದರೆ ಕಣ್ಣಿಗೆ ಕಾಣದ ಚೂರೂ ಅಂಟಿಕೊಂಡು ಬರುತ್ತದೆ. ಇಂದಿಗೂ ಇದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಆ ಮುದ್ದೆಯನ್ನು ಮಾತ್ರ ಕೋಳಿಗೆ ಹಾಕಬೇಡಿ, ಹೂತುಬಿಡಿ.

ಇನ್ನು ನನ್ನ ದೊಡ್ಡ ತಪ್ಪನ್ನು ಹೇಳಬೇಕು. ಹೆದ್ದಾರಿಯ ಹೋಟೆಲೊಂದಕ್ಕೆ ಹಾಲಿನ ಬಾಯ್ಲರು ಹೋಗಬೇಕಿತ್ತು. ಮೀಟರಿನ ತೂತು ಎಲ್ಲಿ ಎಂದು ನಕ್ಷೆಯಲ್ಲಿತ್ತು. ನಾನು ನಕ್ಷೆಯನ್ನು ನೋಡಿದೆ, ಬಾಯ್ಲರಿನ ಮುಂಭಾಗ ಯಾವುದು ಎಂದು ನೋಡಲಿಲ್ಲ. ತೂತು ಬಹಳ ಚೆನ್ನಾಗಿ ಬಂತು, ಹಿಂಭಾಗದಲ್ಲಿ. ಯಾರೂ ಗಮನಿಸದೆ ಮಾಲು ಹೋಗಿಬಿಟ್ಟಿತು. ಹೋಟೆಲಿನಲ್ಲಿ ಬಾಯ್ಲರನ್ನು ಕೂರಿಸಿದಾಗ ಮೀಟರು ಗೋಡೆಯ ಕಡೆ ತಿರುಗಿತ್ತು. ವಿಷಯ ತಿಳಿಯುವಷ್ಟರಲ್ಲಿ ಮೂರು ತಿಂಗಳಾಗಿತ್ತು. ಚೆಲುವಯ್ಯ ನನ್ನನ್ನೂ ಕರೆದುಕೊಂಡು ಸರಿ ಮಾಡಲು ಹೋದರು. ನೋಡಿದರೆ, ಅಡುಗೆ ಭಟ್ಟರು ಗೋಡೆಗೆ ಒಂದು ಕ್ಷೌರದ ಕನ್ನಡಿ ಹೊಡೆದು, ಅದರಲ್ಲಿ ಅಂಕಿಗಳನ್ನು ಹಿಂದುಮುಂದಾಗಿ ಓದುತ್ತ ಆರಾಮವಾಗಿ ಹಾಲು ಕಾಯಿಸುತ್ತಿದ್ದರು.

"ಹೊಸ ತೂತು ಹಾಕಿ ಮುಂದಕ್ಕೆ ತರ್ತೀವಿ" ಎಂದೆ, ತಲೆ ತಗ್ಗಿಸಿ.

"ಬೇಡಿ ಅಕ್ಕ, ಈಗ ನನಗೆ ನೇರ ಇದ್ರೆ ಓದಕ್ಕೆ ಬರಲ್ಲ" ಎಂದರು ಅವರು, ನಿಜವಾಗಿಯೂ ಗಾಬರಿಯಾಗಿ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಚೆಲುವಯ್ಯ ಇಬ್ಬರ ಟಿಕೆಟ್ಟನ್ನೂ ತಾವೇ ತೆಗೆದರು. ಆಮೇಲೆ, "ಸಾಕಿ, ತೂತು ಎಲ್ಲಿಗೆ ಅಂತ ಪೇಪರ್ ಕೇಳ್ಬೇಡ. ಅದ್ರ ಮುಂದೆ ನಿಂತ್ಕಳೋ ಮನುಷ್ಯನ್ನ ಕೇಳು" ಎಂದರು. ನಾನು ಹೂಂ ಎಂದೆ. ಎಷ್ಟು ವರ್ಷ ಆ ಮಾತನ್ನು ನೆನಪಿಟ್ಟುಕೊಂಡಿದ್ದೆ, ಎಲ್ಲಿ ಮರೆತೆ ಎಂಬುದನ್ನು ಇನ್ನು ಹೇಳುತ್ತೇನೆ.

ಕೊನೆಕೊನೆಗೆ ಕೆಲಸದ ರೀತಿಯೇ ಬದಲಾಯಿತು. ತಗಡುಗಳು ಲೇಸರ್ ಯಂತ್ರದ ಬೆಳಕಿನಲ್ಲಿ ಕತ್ತರಿಸಿಕೊಂಡು, ತೂತುಗಳ ಸಮೇತ ಬರತೊಡಗಿದವು. ಆ ಯಂತ್ರಕ್ಕೆ ಬಿಟ್ಟೂ ಬೇಡ, ಎಣ್ಣೆಯೂ ಬೇಡ, ಬೈಗುಳವೂ ಬೇಡ. ಆದರೆ ತಪ್ಪು ಅಳತೆ ಕೊಟ್ಟರೆ ಅದು ಇನ್ನೂರು ತಗಡಿಗೂ ಅಷ್ಟೇ ಅಂದವಾಗಿ ತಪ್ಪು ಜಾಗದಲ್ಲಿ ತೂತು ಹಾಕಿ ಕಳಿಸುತ್ತಿತ್ತು. ಅವನ್ನು ಸರಿಮಾಡಲು ನನ್ನನ್ನು ಉಳಿಸಿಕೊಂಡಿದ್ದರು. ಮೆಟ್ಟಿಲು ಮೆಟ್ಟಿಲಾಗಿ ಗೋಪುರದ ಆಕಾರದ ಬಿಟ್ಟುಗಳು ಬಂದವು. ಒಂದೇ ಬಿಟ್ಟಿನಲ್ಲಿ ಸಣ್ಣ ತೂತಿನಿಂದ ದೊಡ್ಡ ತೂತಿನವರೆಗೆ ಹೋಗಬಹುದು. ಮೊದಲ ಸಲ ಅದನ್ನು ಹಿಡಿದಾಗ, ಚೆಲುವಯ್ಯ ಇದ್ದಿದ್ದರೆ ತೋರಿಸಬಹುದಿತ್ತಲ್ಲ ಎನ್ನಿಸಿತು. ಅಷ್ಟರಲ್ಲಿ ಅವರು ತೀರಿಹೋಗಿದ್ದರು.

ನಿವೃತ್ತಿಯ ದಿನ ಹಾರ ಹಾಕಿ, ಒಂದು ಗಡಿಯಾರ ಕೊಟ್ಟರು. ನಾನು ನನ್ನ ಕೈ ಡ್ರಿಲ್ಲನ್ನು ಹಳೆಯ ಲಂಗದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಒಂದು ಕಣ್ಣಿಗೆ ಪೊರೆ ಆಪರೇಶನ್ ಆಯಿತು. ಇನ್ನು ಈ ಕೈಯಿಂದ ತೂತು ಬೀಳುವುದಿದ್ದರೆ ವಡೆಗೆ ಮಾತ್ರ ಎಂದುಕೊಂಡಿದ್ದೆ.

ಹಾಗಿರುವಾಗ ಒಂದು ಬೆಳಿಗ್ಗೆ ಮಳವಳ್ಳಿ ಕಡೆಯ ಹಳ್ಳಿಯಿಂದ ರತ್ನ ಎಂಬಾಕೆ ಸ್ಕೂಟರಿನಲ್ಲಿ ಮದ್ದೂರಿಗೆ ನಮ್ಮ ಮನೆಗೇ ಬಂದಳು. ಅವಳ ಹೆಸರನ್ನೂ ಅವಳ ಅತ್ತೆಯ ಹೆಸರನ್ನೂ ಬದಲಿಸಿದ್ದೇನೆ, ಊರಿನ ಹೆಸರು ಹೇಳುವುದಿಲ್ಲ. ಯಾಕೆಂದು ಓದಿದ ಮೇಲೆ ನಿಮಗೇ ತಿಳಿಯುತ್ತದೆ. ಮೂವತ್ತೈದರ ಆಸುಪಾಸಿನ, ಚುರುಕಾದ ಹೆಣ್ಣುಮಗಳು. ಯಾವುದೋ ಛತ್ರದ ಅಡುಗೆಯವರು ನನ್ನ ಹೆಸರು ಹೇಳಿದ್ದರಂತೆ.

"ಸಾಕಕ್ಕ, ನಮ್ಮ ಬೀರುಗೆ ಒಂದು ತೂತು ಹಾಕ್ಕೊಡ್ಬೇಕಿತ್ತು."

"ಯಾಕವ್ವ, ಬೀಗದ ಕೈ ಕಳೆದೋಯ್ತಾ?"

ಅವಳು ಜೋರಾಗಿ ನಕ್ಕಳು. "ಬಟ್ಟೆ ಬೀರು ಅಲ್ಲ ಕಣಕ್ಕ. ಉಪ್ಪುಕಂಡದ್ದು."

ಉಪ್ಪುಕಂಡ ಗೊತ್ತಿಲ್ಲದವರು ನಮ್ಮ ಸೀಮೆಯಲ್ಲಿಲ್ಲ. ಕುರಿ ಮಾಂಸವನ್ನು ಉದ್ದುದ್ದ ಸೀಳಿ, ಉಪ್ಪು, ಅರಿಶಿನ, ಖಾರ ಹಚ್ಚಿ, ದಾರಕ್ಕೆ ಪೋಣಿಸಿ ಒಲೆಯ ಮೇಲೆ ಹೊಗೆಗೆ ಕಟ್ಟುವುದು. ರತ್ನಳ ಅತ್ತೆ ಸಣ್ಣಮ್ಮ ಅದರಲ್ಲಿ ಹೆಸರುವಾಸಿ. ನೆಂಟರಿಷ್ಟರು ಕೇಳಿ ಕೇಳಿ ಒಯ್ಯುತ್ತಿದ್ದರು. ಮದುವೆಯಾಗಿ ಬಂದ ರತ್ನ ಅದನ್ನು ನೋಡಿ, ಮಂಡ್ಯದ ಅಂಗಡಿಗಳಿಗೆ ಕೊಟ್ಟರೆ ಹೇಗೆ ಎಂದು ಯೋಚಿಸಿದಳು. ಒಲೆಯ ಮೇಲೆ ಅಷ್ಟೊಂದು ಹಿಡಿಯುವುದಿಲ್ಲ. ಆದ್ದರಿಂದ ಮಂಡ್ಯದ ವೆಲ್ಡಿಂಗಿನವರೊಬ್ಬರಿಂದ ಆಳೆತ್ತರದ ಸ್ಟೀಲಿನ ಹೊಗೆ ಪೆಟ್ಟಿಗೆ ಮಾಡಿಸಿದಳು. ಕೆಳಗೆ ಕೆಂಡದ ತಟ್ಟೆ, ನಡುವೆ ಮಾಂಸ ತೂಗುಹಾಕುವ ಸರಳುಗಳು, ಮೇಲೆ ಹೊಗೆ ಹೋಗುವ ಕೊಳವೆ, ಮುಂದೆ ಎರಡು ಪದರದ ಬಾಗಿಲು. ಊರವರು ಅದಕ್ಕೆ ಬೀರು ಎಂದೇ ಹೆಸರಿಟ್ಟರು.

ಸಣ್ಣಮ್ಮ ಒಳಗೆ ಕೈಯಿಟ್ಟೇ ಶಾಖ ನೋಡುತ್ತಿದ್ದರು, ಮೊದಲ ಒಂದು ವರ್ಷ ಚೆನ್ನಾಗಿ ನಡೆಯಿತು. ಇತ್ತೀಚೆಗೆ ಎರಡು ಸಲದ ಮಾಲು ಕೆಟ್ಟಿತ್ತು. ಹೊರಗೆ ಕರಿಕಾಗಿದ್ದು, ಒಳಗೆ ಹಸಿ. ಅಂಗಡಿಯವರು ವಾಪಸ್ಸು ಕಳಿಸಿ, ಇನ್ನೊಂದು ಸಲ ಹೀಗಾದರೆ ತರಲೇಬೇಡಿ ಎಂದಿದ್ದರು. ಸಣ್ಣಮ್ಮ ಪೆಟ್ಟಿಗೆಯೇ ಸರಿಯಿಲ್ಲ, ಮರಳಿ ಒಲೆಗೇ ಕಟ್ಟೋಣ ಎನ್ನುತ್ತಿದ್ದರು. ರತ್ನ ಶಾಖ ತೋರಿಸುವ ಮುಳ್ಳಿನ ಮೀಟರೊಂದನ್ನು ತಂದಿಟ್ಟುಕೊಂಡಿದ್ದಳು.

"ಇನ್ನೊಂದು ಸಲ ಕೆಟ್ರೆ ಬೀರುನಲ್ಲಿ ನಾನು ಸೀರೆ ಮಡಗಬೇಕು ಅಷ್ಟೆಯ" ಎಂದಳು. ನಗುತ್ತಲೇ ಹೇಳಿದಳು, ಆದರೆ ಬೆರಳಲ್ಲಿ ಸ್ಕೂಟರಿನ ಬೀಗದ ಕೈಯನ್ನು ಸುಮ್ಮನೆ ತಿರುಗಿಸುತ್ತಿದ್ದಳು. "ಮಂಡ್ಯದಿಂದ ಇಬ್ಬರನ್ನು ಕರೆಸಿದ್ದೆ. ಒಬ್ಬ ಬಿಟ್ ಮುರ್ಕೊಂಡು ಹೋದ. ಇನ್ನೊಬ್ಬ ನೋಡಿಯೇ ಹೋದ."

ಆ ಎರಡನೆಯವನ ಮೇಲೆ ನನಗೆ ಗೌರವ ಬಂತು. ನನಗೂ ಭಯವಿತ್ತು. ಎರಡು ವರ್ಷ ಮಿಷಿನ್ ಮುಟ್ಟಿರಲಿಲ್ಲ. ಕೈ ತಪ್ಪಿದರೆ ಆ ಬಾಗಿಲೇ ಹಾಳು. ಆದರೂ ಅಟ್ಟ ಹತ್ತಿದೆ. ನಮ್ಮ ಯಜಮಾನರು ಏಣಿ ಹಿಡಿದು, "ವಯಸ್ಸಾದ್ಮೇಲೆ ದೇವಸ್ಥಾನಕ್ಕೆ ಓಗ್ತಾರೆ ಅಂತ ಕೇಳಿದ್ದೆ" ಎಂದರು.

ಮಾರನೆಯ ದಿನ ಮಳವಳ್ಳಿ ಬಸ್ಸು ಹತ್ತಿದೆ. ತೊಡೆಯ ಮೇಲಿದ್ದ ಭಾರದ ಚೀಲ ನೋಡಿ ಕಂಡಕ್ಟರು ಏನೆಂದು ಕೇಳಿದ.

"ಡ್ರಿಲ್ಲಿಂಗ್ ಮಿಷಿನ್ ಕಣಪ್ಪ."

"ಜೋಪಾನವಾಗಿ ಮಡಿಕಳಮ್ಮ. ಈ ಬಸ್ಸಿಗೆ ಇರೋ ತೂತೇ ಸಾಕು."

ರತ್ನಳ ಮನೆಯ ಜಗಲಿಯಲ್ಲಿ ಸಣ್ಣಮ್ಮ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದರು. ಎಪ್ಪತ್ತರ ಹೆಂಗಸು, ಕಡ್ಡಿಯಂತೆ ನೆಟ್ಟಗೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇವ್ಳೇನಾ ತೂತು ಆಕೋಳು?"

"ಹೂಂ ಕಣವ್ವ" ಎಂದೆ.

"ಆಕು ಆಕು. ಒಂದ್ಯಾಕೆ, ನೂರು ಆಕು. ಜರಡಿ ಮಾಡ್ಕೊಂಡು ಇಟ್ಟಾದ್ರೂ ಸೋಸ್ಕೊಳ್ಳಿ." ಇಷ್ಟು ಹೇಳಿ ಮತ್ತೆ ಬೆಳ್ಳುಳ್ಳಿಗೆ ತಿರುಗಿದರು.

ಮೀಟರು ಎಲ್ಲಿರಬೇಕು ಎಂದು ರತ್ನ ಮೊದಲೇ ಯೋಚಿಸಿದ್ದಳು. ಬಾಗಿಲಿನ ಮೇಲ್ಭಾಗದಲ್ಲಿ, ಕಣ್ಣಿಗೆ ನೇರವಾಗಿ ಕಾಣುವ ಎತ್ತರದಲ್ಲಿ, ತನ್ನ ಹಣೆಯ ಸ್ಟಿಕ್ಕರ್ ಕುಂಕುಮವನ್ನೇ ಕಿತ್ತು ಅಂಟಿಸಿದ್ದಳು. ನಾನು ಅದಕ್ಕೆ ನೇರವಾಗಿ ಮೊಳೆಯಲ್ಲಿ ಮೆಲ್ಲಗೆ ಒಂದು ಚುಕ್ಕಿ ಹೊಡೆದೆ. ಜೋರಾಗಿ ಹೊಡೆದರೆ ಅಲ್ಲೇ ಗಟ್ಟಿಯಾಗುತ್ತದೆ. ತಿನ್ನುವ ಪದಾರ್ಥದ ಪೆಟ್ಟಿಗೆಯಾದ್ದರಿಂದ ಮಿಷಿನ್ ಎಣ್ಣೆ ಬೇಡವೆಂದು ಅಡುಗೆಮನೆಯಿಂದ ಕಡಲೇಕಾಯಿ ಎಣ್ಣೆ ತರಿಸಿಕೊಂಡೆ. ಡ್ರಿಲ್ಲನ್ನು ಹಿಡಿದು ಕಾಲು ಊರಿ ನಿಂತೆ. ಸ್ವಿಚ್ಚು ಒತ್ತಿದೆ. ಕರೆಂಟು ಹೋಯಿತು.

"ಅದ್ಕೂ ಬೇಡ ಅನ್ನುಸ್ತದೆ" ಎಂದಿತು ಜಗಲಿಯ ದನಿ.

ಒಂದು ಗಂಟೆ ಕಾದೆವು. ಕರೆಂಟು ಬಂತು. ಸಣ್ಣ ಬಿಟ್ಟನ್ನು ಚುಕ್ಕಿಯ ಮೇಲಿಟ್ಟೆ. ಮೆಲ್ಲಗೆ ತಿರುಗಿಸಿದೆ, ಮೈಭಾರವೆಲ್ಲ ಕೊಟ್ಟು ಒತ್ತಿದೆ. ಮೊದಲ ಕ್ಷಣ ಏನೂ ಆಗಲಿಲ್ಲ. ಕೈ ಸಡಿಲಿಸಬೇಕೆನ್ನಿಸಿತು. ಸಡಿಲಿಸಲಿಲ್ಲ. ಆಮೇಲೆ ಆ ಸದ್ದು ಬಂತು, ಗಂಟಲು ಸರಿಮಾಡಿಕೊಂಡಂಥ ಒರಟು ಸದ್ದು. ಬಿಟ್ಟಿನ ಪಕ್ಕದಿಂದ ಒಂದು ಬೆಳ್ಳಿಯ ಸುರುಳಿ ಎದ್ದು, ಬಳುಕಿ, ನನ್ನ ಬೆರಳ ಮೇಲೆ ಬಿತ್ತು. ಬಿಸಿಯಾಗಿತ್ತು. ಅಷ್ಟು ಸಂತೋಷ ನನಗೆ ನಿವೃತ್ತಿಯ ಹಾರ ಹಾಕಿಸಿಕೊಂಡಾಗಲೂ ಆಗಿರಲಿಲ್ಲ.

ಹೊರಪದರ, ನಡುವೆ ಶಾಖ ತಡೆಯುವ ಗಾಜಿನ ಹತ್ತಿ, ಒಳಪದರ. ಮೂರನ್ನೂ ದಾಟಿ, ಗೋಪುರದ ಬಿಟ್ಟಿನಲ್ಲಿ ಅಗಲ ಮಾಡಿ, ಅಂಚನ್ನು ಅರದಲ್ಲಿ ನಯ ಮಾಡಿದೆ. ರಾಗಿಮುದ್ದೆ ತರಿಸಿ ಚೂರುಗಳನ್ನೆಲ್ಲ ಒತ್ತಿ ತೆಗೆದೆ. ಮೀಟರು ಕೂರಿಸಿ ನಟ್ಟು ಬಿಗಿದೆ. ಬಾಗಿಲಿಗೇ ಹುಟ್ಟಿದ್ದೋ ಎನ್ನುವ ಹಾಗೆ ಕೂತಿತು. ರತ್ನ ಫೋನಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದಳು.

ಕೆಂಡ ಹಾಕಿ ಮಾಂಸ ತೂಗುಹಾಕಿದರು. ಪರೀಕ್ಷೆಗೆಂದು ಸ್ವಲ್ಪವೇ. ಮುಳ್ಳು ಎಪ್ಪತ್ತಕ್ಕೆ ಬಂದು ನಿಂತಿತು. ಅಷ್ಟಿರಬೇಕು ಎಂದು ರತ್ನ ಎಲ್ಲೋ ತರಬೇತಿಯಲ್ಲಿ ಕಲಿತಿದ್ದಳು. ನನಗೆ ಊಟ ಹಾಕಿದರು. ಸಂಜೆಯವರೆಗೂ ಮುಳ್ಳು ಅಲುಗದಂತೆ ಕೆಂಡ ನೋಡಿಕೊಂಡಳು. ಆಮೇಲೆ ಬಾಗಿಲು ತೆಗೆದು ಒಂದು ತುಂಡು ಕುಯ್ದಳು. ಒಳಗೆ ಹಸಿ. ಹಿಂದೆ ಕೆಟ್ಟ ಎರಡು ಸಲ ಹೊರಗಾದರೂ ಸುಟ್ಟಿತ್ತು. ಈಗ ಅದೂ ಇಲ್ಲ, ಮಾಂಸ ಬೆಚ್ಚಗಾಗಿತ್ತು ಅಷ್ಟೆ.

ಸಣ್ಣಮ್ಮ ಎದ್ದು ಬಂದು ನೋಡಿದರು. ಹಂಗಿಸುತ್ತಾರೆ ಎಂದುಕೊಂಡೆ. ಅವರು ಏನೂ ಹೇಳದೆ ಒಳಗೆ ಹೋದರು. ಅದು ಹಂಗಿಸಿದ್ದಕ್ಕಿಂತ ಕಷ್ಟವಾಯಿತು.

ಮೀಟರೇ ಸುಳ್ಳು ಹೇಳುತ್ತಿದೆಯೇ ಎಂದು ಬಿಚ್ಚಿ, ಕುದಿಯುವ ನೀರಿಗೆ ಅದ್ದಿ ನೋಡಿದೆ. ಸರಿಯಾಗಿಯೇ ತೋರಿಸಿತು. ಆಗ ನನ್ನ ತಲೆಗೆ ಹೊಳೆಯಿತು. ಬಿಸಿ ಹೊಗೆಯೆಲ್ಲ ಮೇಲಕ್ಕೆ ಹೋಗಿ ಕೊಳವೆಯ ಬಾಯಿಯಲ್ಲಿ ಸೇರುತ್ತದೆ. ನಾನು ಮೀಟರು ಕೂರಿಸಿದ್ದು ಅಲ್ಲಿ. ಮಾಂಸ ಇರುವುದು ಒಂದೂವರೆ ಅಡಿ ಕೆಳಗೆ. ಮುಳ್ಳು ಕೊಳವೆಯ ಕಥೆ ಹೇಳುತ್ತಿತ್ತು, ಮಾಂಸದ್ದಲ್ಲ. ಅಷ್ಟು ಅಂದವಾದ ತೂತನ್ನು ತಪ್ಪು ಜಾಗದಲ್ಲಿ ಕೊರೆದಿದ್ದೆ. ಕುಂಕುಮ ಕಂಡಲ್ಲಿ ಕೊರೆದೆನೇ ಹೊರತು, ಆ ಬೀರುವಿನ ಮುಂದೆ ವರ್ಷವಿಡೀ ನಿಂತು ಕೈಯಿಟ್ಟು ಶಾಖ ನೋಡಿದವರನ್ನು ಒಂದು ಮಾತು ಕೇಳಿರಲಿಲ್ಲ. ಅವರು ಜಗಲಿಯಲ್ಲೇ ಇದ್ದರು!

ರತ್ನ ಹಾಲು ತರಲು ಡೈರಿಗೆ ಹೋಗಿದ್ದಳು. ಒಳಗೆ ಹೋಗಿ, "ಅವ್ವ, ನೀವು ಎಲ್ಲಿ ಕೈಯಿಟ್ಟು ನೋಡ್ತಿದ್ರಿ, ತೋರ್ಸಿ" ಎಂದೆ.

"ಈಗ್ಯಾಕೆ ಕೇಳೀಯೆ?"

"ನನ್ನ ತಪ್ಪು. ಮೊದಲೇ ಕೇಳಬೇಕಿತ್ತು."

ತಪ್ಪು ಒಪ್ಪಿಕೊಂಡದ್ದು ಅವರಿಗೆ ಹಿಡಿಸಿತೇನೋ. ಎದ್ದು ಬಂದು ಬಾಗಿಲು ತೆಗೆದು, ಕೆಂಡ ಇನ್ನೂ ಇದ್ದ ಬೀರುವಿನೊಳಗೆ, ನಡುವಿನ ಸರಳಿನ ಎಡಕ್ಕೆ ಕೈ ಚಾಚಿದರು. "ಇಲ್ಲಿ. ಇಲ್ಲಿ ಕೈ ತಡೀತು ಅಂದ್ರೆ ಕಮ್ಮಿ. ಎಳ್ಕೋಬೇಕು ಅನ್ನುಸ್ದಾಗ ಸರಿ."

ಹೇಳುತ್ತ ಹೇಳುತ್ತ ಅವರ ಮಣಿಕಟ್ಟು ಕಾದ ಸರಳಿಗೆ ತಾಗಿತ್ತು. ಕೈ ಎಳೆದುಕೊಳ್ಳುತ್ತಾರೆ ಎಂದುಕೊಂಡೆ. ಅವರು ಮಾತಾಡುತ್ತಲೇ ಇದ್ದರು. ನಾನೇ ಗಬಕ್ಕನೆ ಹಿಡಿದು ಎಳೆದೆ. ಚರ್ಮ ಕೆಂಪಾಗಿತ್ತು. ಅದರ ಪಕ್ಕದಲ್ಲಿ ಹಳೆಯ ಸುಟ್ಟ ಕಲೆಗಳು ನಾಲ್ಕಾರು, ಬಳೆಗಳ ಅಡಿಯಲ್ಲಿ.

ಸಣ್ಣಮ್ಮ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡರು. ನೆಲ ನೋಡುತ್ತ ಹೇಳಿದರು: "ಬಿಸಿ ತಿಳಿಯಕಿಲ್ಲ ಕಣಮ್ಮಿ. ಸಕ್ಕರೆ ಕಾಯ್ಲೆ. ಐದಾರ್ ತಿಂಗ್ಳಿಂದ ಇಂಗೆ. ಇನ್ನೂ ಕಾದಿಲ್ಲ, ಕಾದಿಲ್ಲ ಅಂತ ಕೆಂಡ ಸುರ್ದೆ. ಕರಿಕಾಯ್ತು. ಪೆಟ್ಗೆ ಮೇಲೆ ಆಕ್ದೆ."

ನಾನು ಆ ಕೈಯನ್ನು ಸೆರಗಿನಿಂದ ಬಿಡಿಸಿ, ಚೊಂಬಿನ ತಣ್ಣೀರು ಸುರಿದೆ.

"ಸೊಸೆಗೆ ಯೋಳ್ಬೇಡ. ಅವ್ಳು ಒಳ್ಳೇವ್ಳೇಯ, ಏನೂ ಅನ್ನಕಿಲ್ಲ. ಆದ್ರೆ ಕೈಯೇ ಓಯ್ತು ಅಂದ್ಮೇಕೆ ಇದು ನನ್ ಉಪ್ಪುಕಂಡ ಅಂತ ಎಂಗೆ ಅನ್ಲಿ?"

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ರತ್ನ ಬಂದಮೇಲೆ ವಿಷಯ ತಿಳಿಸಿದೆ, ತೂತಿನ ವಿಷಯ ಮಾತ್ರ. ಇನ್ನೊಂದು ತೂತು ಬೇಕು, ಎಡಪಕ್ಕದ ಗೋಡೆಗೆ, ಅತ್ತೆ ಕೈಯಿಡುವ ಜಾಗಕ್ಕೆ ನೇರವಾಗಿ, ನಾಡಿದ್ದು ಬರುತ್ತೇನೆ ಎಂದೆ. ಅವಳು ಸುಮ್ಮನೆ ತಲೆಯಾಡಿಸಿ, ಸ್ಕೂಟರಿನಲ್ಲಿ ನನ್ನನ್ನು ಬಸ್ಸಿಗೆ ಬಿಡಲು ಬಂದಳು. ಬಸ್ಸಿನ್ನೂ ಬಂದಿರಲಿಲ್ಲ.

"ಅಕ್ಕ, ನಿಮಗೊಂದು ಹೇಳ್ಬೇಕು. ಅತ್ತೆಗೆ ಹೇಳ್ಬಾರ್ದು."

"ಏನವ್ವ?"

"ಅತ್ತೆ ಕೈಗೆ ಬಿಸಿ ತಿಳಿಯಲ್ಲ. ಒಂದಿನ ಬಳೆ ಕೆಳಗೆ ಗುಳ್ಳೆ ಎದ್ದಿತ್ತು, ಅವರಿಗೆ ಗೊತ್ತೇ ಇರಲಿಲ್ಲ. ಲೈಸೆನ್ಸಿನವರು ಕೇಳ್ತಾರೆ, ಮೀಟರು ಬೇಕೇ ಬೇಕು ಅಂತ ನಾನು ಸುಳ್ಳು ಹೇಳಿ ತಂದೆ. ನಿಮ್ಮ ಕೈ ಆಗಲ್ಲ ಅಂತ ನಾನು ಯಾವ ಬಾಯಲ್ಲಿ ಹೇಳಲಿ? ನನಗೆ ಕಲಿಸಿದ್ದೇ ಆ ಕೈ."

ನಾನು ಮೂಗು ಒರೆಸಿಕೊಂಡು, ಬಸ್ಸು ಬರುವ ದಿಕ್ಕಿಗೆ ನೋಡಿದೆ. "ಇಲ್ಲವ್ವ, ಹೇಳಲ್ಲ" ಎಂದೆ. ಒಂದೇ ಸಂಜೆ, ಒಂದೇ ಮನೆಯ ಇಬ್ಬರಿಗೆ, ಒಂದೇ ವಿಷಯಕ್ಕೆ ಎರಡು ಸಲ ಮಾತು ಕೊಟ್ಟಿದ್ದೆ. ಬಸ್ಸಿನಲ್ಲಿ ಕೂತ ಮೇಲೆ ನಗು ಬಂತು. ಕೊಕ್ಕರೆ ಬೆಳ್ಳೂರಿಗೆ ಹೋಗುತ್ತಿದ್ದ ಪಕ್ಕದ ಸೀಟಿನ ಹೆಂಗಸು ನನ್ನನ್ನು ನೋಡಿ ಕಿಟಕಿಯ ಕಡೆ ಸರಿದು ಕೂತಳು.

ಎರಡನೆಯ ದಿನದ ಕೆಲಸಕ್ಕೆ ಸಣ್ಣಮ್ಮನೇ ಮೇಸ್ತ್ರಿ. ಜಗಲಿ ಬಿಟ್ಟು ಬೀರುವಿನ ಮುಂದೆ ಮಣೆ ಹಾಕಿಕೊಂಡು ಕೂತರು. "ಮ್ಯಾಕೆ ಬೇಡ. ಇನ್ನೂ ಒಂಚೂರು ಇತ್ಲಾಗೆ. ಇತ್ಲಾಗೆ ಅಂದ್ರೆ ಅತ್ಲಾಗೆ ಓಯ್ತೀಯಲ್ಲ! ಅಲ್ಲೇ, ಅಲ್ಲೇ." ಅವರು ಬೆರಳಿಟ್ಟಲ್ಲಿ ಕೊರೆದೆ. ಸುರುಳಿ ಈ ಸಲವೂ ಬಂತು. ಹಳೆಯ ತೂತಿಗೆ ವಾಷರ್ ಹಾಕಿ ಒಂದು ಸ್ಟೀಲ್ ಬೋಲ್ಟು ಬಿಗಿದೆ. ಬಿಸಿ ಹಿಡಿಯುವ ಮಸಿಬಟ್ಟೆ ನೇತುಹಾಕಲು ಅನುಕೂಲವಾಯಿತು ಎಂದರು ಸಣ್ಣಮ್ಮ. ಕೈಯಿಡುವ ಜಾಗದಲ್ಲಿದ್ದ ಸರಳನ್ನು ಬಿಚ್ಚಿ ಹಿಂದಕ್ಕೆ ಸರಿಸಿ ಕೂರಿಸಿದೆ.

"ಅದ್ಯಾಕಕ್ಕ?" ಎಂದಳು ರತ್ನ.

"ಮೀಟರಿಗೆ ಅಡ್ಡ ಆಯ್ತದೆ" ಎಂದು ನಾನೂ ನನ್ನ ಪಾಲಿನ ಒಂದು ಸುಳ್ಳು ಹೇಳಿದೆ. ಅತ್ತೆ ಸೊಸೆ ಇಬ್ಬರೂ, ಹೌದು ಹೌದು, ಅಡ್ಡ ಆಗುತ್ತದೆ ಎಂದರು.

ಆ ಸಲದ ಮಾಲು ಅಂಗಡಿಗೆ ಹೋಯಿತು, ವಾಪಸ್ಸು ಬರಲಿಲ್ಲ. ರತ್ನ ಫೋನು ಮಾಡಿ ಹೇಳಿದಾಗ ನಾನು ಯಜಮಾನರ ಮುಂದೆ ಸ್ವಲ್ಪ ಜಂಬ ಕೊಚ್ಚಿದೆ. ಅವರು, "ಎರಡು ತೂತು ಆಕುದ್ರೆ ಒಂದು ಸರಿಯಾಗೇ ಆಯ್ತದೆ" ಎಂದರು.

ಮೂರು ತಿಂಗಳ ಮೇಲೆ ಮಳವಳ್ಳಿಗೆ ಯಾವುದೋ ನಾಮಕರಣಕ್ಕೆ ಹೋದವಳು ಅವರ ಮನೆಗೂ ಹೋದೆ. ಬೀರು ಹೊಗೆಯಾಡುತ್ತಿತ್ತು. ರತ್ನ ದಿನದ ಶಾಖ ಬರೆದಿಡುವ ನೋಟ್‌ಬುಕ್ ಹಿಡಿದು ಹೊಸಲ ಮೇಲೆ ಕೂತಿದ್ದಳು. ಸಣ್ಣಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದರು. ಪಕ್ಕದ ಗೋಡೆಯ ಮುಳ್ಳಿನ ಕಡೆ ಒಂದು ಓರೆನೋಟ, ಬಸ್ಸಿನ ನಂಬರು ನೋಡುವಷ್ಟು ಹೊತ್ತು. ಆಮೇಲೆ ಬಾಗಿಲು ತೆಗೆದು, ಒಳಗೆ ಕೈ ಚಾಚಿ, ಕಣ್ಣು ಮುಚ್ಚಿದರು.

"ಎಪ್ಪತ್ತೆರಡು" ಎಂದರು.

"ಎಪ್ಪತ್ತೆರಡಾ ಅತ್ತೆ?"

"ಎಪ್ಪತ್ತೆರಡೇ ಕಣಮ್ಮಿ. ನನ್ ಕೈ ಸುಳ್ಳು ಯೋಳ್ತದಾ?"

ರತ್ನ ಮುಳ್ಳಿನ ಕಡೆ ತಿರುಗಿಯೂ ನೋಡದೆ, ಎಪ್ಪತ್ತೆರಡು ಎಂದು ಬರೆದುಕೊಂಡಳು.